ಗ್ಯಾಲರಿಯಲ್ಲಿ ಎಂಟು ಹರಕೆ

ಈಜು ಸ್ಪರ್ಧೆಯ ದಿನ ನೀರಿಗಿಳಿಯುವ ಮಕ್ಕಳಿಗಿಂತ ಮೊದಲು ಉಸಿರು ಕಟ್ಟುವುದು ಗ್ಯಾಲರಿಯಲ್ಲಿ ಕೂತ ಅಪ್ಪ-ಅಮ್ಮಂದಿರಿಗೆ. ಒಬ್ಬರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿರುತ್ತಾರೆ. ಇನ್ನೊಬ್ಬರ ಒಂದು ಕೈಯಲ್ಲಿ ಜಪಮಾಲೆ, ಮತ್ತೊಂದರಲ್ಲಿ ಫೋನಿನ ಸ್ಟಾಪ್‌ವಾಚ್. ಬಸವನಗುಡಿಯಲ್ಲಂತೂ ಈ ಕಾಯಿಲೆ ಒಂದು ಪಟ್ಟು ಹೆಚ್ಚು. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲೆಟ್ ಅಭ್ಯಾಸ ಮಾಡಿದ ಬಸವನಗುಡಿ ಅಕ್ವಾಟಿಕ್ ಸೆಂಟರ್ ಇಲ್ಲೇ ಇದೆ, ದೊಡ್ಡ ಗಣಪತಿಯೂ ಇಲ್ಲೇ ಇದ್ದಾನೆ. ಆಸೆಗೂ ಹರಕೆಗೂ ಇಷ್ಟು ಅನುಕೂಲವಾದ ಬಡಾವಣೆ ಬೇರೆ ಸಿಗಲಿಕ್ಕಿಲ್ಲ.

ನಾನೂ ಆ ಗುಂಪಿನವಳೇ. ಮಗಳು ಬ್ಲಾಕ್ ಮೇಲೆ ನಿಂತ ಕೂಡಲೇ ಮನಸ್ಸು ವ್ಯಾಪಾರಕ್ಕೆ ಇಳಿಯುತ್ತದೆ: ‘ಫೈನಲ್‌ಗೆ ಬರಲಿ ಸ್ವಾಮಿ, ಬೆಣ್ಣೆ ಅಲಂಕಾರಕ್ಕೆ ಕೊಡ್ತೀನಿ.’ ಎಂಟು ಲೇನಿಗೆ ಎಂಟು ಮಕ್ಕಳು, ಮೇಲೆ ಕೂತವರದು ಎಂಟು ಹರಕೆ. ಗಣಪತಿ ಯಾರ ಅರ್ಜಿಗೆ ಸಹಿ ಹಾಕಬೇಕು? ಪಕ್ಕದ ಲೇನಿನ ಹುಡುಗಿ ಸೋಲಲಿ ಎಂದು ನಾವು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಿಜ. ಆದರೆ ನನ್ನ ಮಗಳೇ ಮೊದಲು ಬರಲಿ ಅಂದಾಗ ಅದೂ ಒಳಗೇ ಸೇರಿಕೊಂಡಿರುತ್ತದೆ.

ಹರಕೆ ಹೊರುವವರು ನಾವು, ಭಾರ ಮಾತ್ರ ಮಗುವಿನ ಬೆನ್ನಿಗೆ. ಬೆಳಿಗ್ಗೆ ಹಣೆಗೆ ಕುಂಕುಮ ಇಟ್ಟು, ‘ದೇವರು ಕೈಬಿಡಲ್ಲ ಕಣೇ, ಗೆದ್ದೇ ಗೆಲ್ತೀಯ’ ಎಂದು ಕಳಿಸುತ್ತೇವೆ. ಸೋತರೆ ಮಗು ಏನೆಂದುಕೊಳ್ಳಬೇಕು? ಒಂದೋ ದೇವರು ಕೈಬಿಟ್ಟ, ಇಲ್ಲವೇ ಅಮ್ಮನ ಹರಕೆಯನ್ನು ತಾನು ಕೆಡಿಸಿದೆ. ಹತ್ತು ವರ್ಷದ ತಲೆಗೆ ಮೂರನೆಯ ಉತ್ತರ ಹೊಳೆಯುವುದಿಲ್ಲ. ಇನ್ನು ಕೈಮುಗಿದು ಎರಡು ನಿಮಿಷವೂ ಆಗಿರುವುದಿಲ್ಲ, ‘ಟರ್ನಿಂಗ್‌ನಲ್ಲಿ ನಿದ್ದೆ ಮಾಡ್ತಿದ್ಯಾ?’ ಎಂದು ಕೊಳದ ಅಂಚಿಗೇ ಹೋಗಿ ಕಿರುಚುತ್ತೇವಲ್ಲ, ಆ ಪ್ರಾರ್ಥನೆ ಅಷ್ಟರಲ್ಲಿ ಎಲ್ಲಿ ಹೋಯಿತು?

ಬೇರೆ ಬಗೆಯ ಹರಕೆಯೂ ಇಲ್ಲೇ ಇದೆ. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಈ ಜಾಗ ಸುಂಕೇನಹಳ್ಳಿಯಾಗಿದ್ದ ಕಾಲದಲ್ಲಿ ಗೂಳಿಯೊಂದು ರಾತ್ರಿ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿತ್ತಂತೆ. ಸಾಕಾದ ರೈತರು ಮೊದಲ ಬೆಳೆ ನಿನಗೇ ಎಂದು ಬಸವಣ್ಣನ ಮೊರೆ ಹೋದರಂತೆ. ಅದೂ ಶುರುವಾದದ್ದು ವ್ಯಾಪಾರದಲ್ಲೇ ಅನ್ನಿ. ಆದರೆ ಮುಂದೆ ನೋಡಿ. ‘ಇಷ್ಟು ಮೂಟೆ ಬಂದರೆ ಮಾತ್ರ ಬರ್ತೀನಿ’ ಎಂಬ ಷರತ್ತು ಆ ಪರಿಷೆಯಲ್ಲಿ ಎಲ್ಲೂ ಇಲ್ಲ. ಮಳೆ ಕೈಕೊಟ್ಟ ವರ್ಷವೂ ಕಡಲೆಕಾಯಿ ರಾಶಿ ಬೀಳುತ್ತದೆ, ಕಾಳು ಸಣ್ಣದಿದ್ದರೂ ಬಸವಣ್ಣನಿಗೆ ಸಲ್ಲುತ್ತದೆ. ಆ ವರ್ಷ ಬಂದದ್ದು ಏನೋ ಅದನ್ನೇ ತರುತ್ತಾರೆ. ನನಗೆ ಬೇಕಾದ ಪ್ರಾರ್ಥನೆ ಇದು. ಮಗಳು ಐದನೆಯವಳಾಗಿ ಬಂದರೂ ಆ ಐದನೆಯ ಸ್ಥಾನವನ್ನೇ ಒಯ್ದು ಒಪ್ಪಿಸಿ ಬರಬೇಕು.

ಸೋಲನ್ನು ಹೊತ್ತುಕೊಂಡೇ ಮುಂದೆ ಹೋದವರೂ ಇದ್ದಾರೆ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಮದುವೆಯಿಲ್ಲದ ದಿನ ನೋಡಿಕೊಂಡು ಬ್ಯಾಡ್ಮಿಂಟನ್ ಆಡುತ್ತಿದ್ದ ಪ್ರಕಾಶ್ ಪಡುಕೋಣೆ, 1962ರ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಮೊದಲ ಸುತ್ತಿಗೇ ಸೋತಿದ್ದರು. ಆಗ ಅವರಿಗೆ ಏಳು ವರ್ಷ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯನ್ನು ಕಟ್ಟಿ ನಡೆಸಿದವರು. ಆದರೂ ಹುಡುಗ ಅದೇ ಹಾಲ್‌ನಲ್ಲಿ ಆಡುತ್ತಲೇ ಹೋದ, ಎರಡು ವರ್ಷದಲ್ಲಿ ಆ ಪ್ರಶಸ್ತಿ ಬಂತು, 1980ರಲ್ಲಿ ಆಲ್ ಇಂಗ್ಲೆಂಡ್. ನಾವಾಗಿದ್ದರೆ ಮೊದಲ ಸುತ್ತಿನ ಸಂಜೆಯೇ ಕೋಚ್ ಬದಲಾಯಿಸಿ, ಜಾತಕ ತೋರಿಸಿ, ಶನಿಶಾಂತಿಗೆ ದಿನ ಗೊತ್ತು ಮಾಡಿರುತ್ತಿದ್ದೆವು.

ಅರ್ಚನೆ ಮಾಡಿಸುವುದಿದ್ದರೆ ಸ್ಪರ್ಧೆಗೆ ಮೊದಲೇ ಮಾಡಿಸಿ ಮುಗಿಸಿ, ಬಾಕಿ ಇಟ್ಟುಕೊಳ್ಳಬೇಡಿ. ಆಮೇಲೆ ಗ್ಯಾಲರಿಯಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ, ಆರಾಮಾಗಿ ಈಜು ನೋಡಬಹುದು. ಸಂಕಲ್ಪದಲ್ಲಿ ಪಕ್ಕದ ಲೇನಿನ ಹುಡುಗಿಯ ಹೆಸರನ್ನೂ ಸೇರಿಸಿ. ಗೋತ್ರ, ನಕ್ಷತ್ರ ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಹರಕೆ ಕಟ್ಟಿಕೊಂಡೇಬಿಟ್ಟಿದ್ದರೆ ಮಗುವಿನ ಕಿವಿಗೆ ಬೀಳಿಸಬೇಡಿ. ಸ್ಕೂಟರ್ ಹತ್ತಿದ ಮೇಲೆ ಮೊದಲ ಮಾತು ಟೈಮಿಂಗ್ ಬಗ್ಗೆ ಬೇಡ, ‘ಹೊಟ್ಟೆ ಹಸೀತಾ?’ ಅಂದರೆ ಸಾಕು. ಸೋತ ದಿನವೂ ಗಾಂಧಿ ಬಜಾರ್‌ನಲ್ಲಿ ಒಂದು ಮೊಳ ಹೂವು ತೆಗೆದುಕೊಂಡು ಗುಡಿಗೆ ಹೋಗಿ ಬನ್ನಿ. ನನಗೆ ಕಷ್ಟವಾಗುವುದು ಇದೇ. ಆ ದಿನ ಕಾಲು ಆ ಕಡೆ ಏಳುವುದೇ ಇಲ್ಲ, ಮುನಿಸಿಕೊಂಡ ಬೀಗಿತ್ತಿಯ ಹಾಗೆ ಗುಡಿಯ ಮುಂದೆಯೇ ಹಾದು ಮನೆ ಸೇರುತ್ತೇನೆ.

ಮುಂದಿನ ಮೀಟ್‌ಗೆ ಸ್ಟಾಪ್‌ವಾಚ್ ಒತ್ತುವ ಆಸೆಯೇ ಬರದಂತೆ ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ ಎಂದು ಮಗಳಿಗೆ ಹೇಳಿದೆ. ‘ಫೋಟೊ ಯಾರು ತೆಗೀತಾರೆ?’ ಅಂದಳು.