ವಿಠ್ಠಲನು ಕೇಳಿ ಪಡೆದ ಪಾವತಿ

ಕನ್ನಡ ಮರಾಠಿಗಳೆರಡನ್ನೂ ಆಡುವ ಈ ಸೀಮೆಯ ಭಕ್ತಜನರಿಗೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯು ಹೊಸ ಹೆಸರಲ್ಲ. 12ನೆಯ ಶತಮಾನದಲ್ಲಿ ಮಂಗಳವಾಡವೆನಿಸಿ ಕಳಚುರಿ ಬಿಜ್ಜಳನ ರಾಜಧಾನಿಯಾಗಿದ್ದ ಆ ಊರಲ್ಲಿಯೇ ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆಯಲು ಕುಳಿತರು. ಮೂರು ಶತಮಾನಗಳ ತರುವಾಯ ಬೀದರದ ಸುಲ್ತಾನನ ಅಧಿಕಾರಿಯಾಗಿ ಅಲ್ಲಿಯ ಧಾನ್ಯದ ಹಗೇವುಗಳನ್ನು ಕಾಯುತ್ತಿದ್ದವನು ದಾಮಾಜಿಪಂತನು. ಒಂದೇ ಊರಿನ ಈ ಇಬ್ಬರು ಮಹಾತ್ಮರೂ ಪರರ ದ್ರವ್ಯಕ್ಕೆ ಕಾವಲಿದ್ದವರು. ಒಡೆಯನ ಸೊತ್ತನ್ನು ದಾನಕ್ಕೆ ಬಳಸಿದರೆಂಬ ದೂರು ಇಬ್ಬರ ಮೇಲೆಯೂ ಹೋಯಿತು. ಇಬ್ಬರೂ ಲೆಕ್ಕಕ್ಕೆ ಉತ್ತರ ಕೊಡಬೇಕಾಯಿತು. ಗುಡಿಯ ಜೀರ್ಣೋದ್ಧಾರಕ್ಕೆಂದು ಜನರ ಮುಂದೆ ಸೆರಗೊಡ್ಡುವ ಭಕ್ತಮಂಡಳಿಗೆ ಇವರ ಚರಿತ್ರೆಯಷ್ಟು ಹತ್ತಿರದ ಪಾಠ ಮತ್ತೊಂದಿರಲಾರದು.

ದಾಮಾಜಿಯ ವೃತ್ತಾಂತವನ್ನು ಮಹೀಪತಿಯು 1762ರ ತನ್ನ ‘ಭಕ್ತವಿಜಯ’ದಲ್ಲಿ ವಿಸ್ತಾರವಾಗಿ ಹೇಳಿರುವನು. ಆ ಕವಿಯೂ ಕುಲಕರ್ಣಿಕೆಯ ಮನೆತನದವನೆಂಬದು ಇಲ್ಲಿ ನೆನೆಯತಕ್ಕ ಮಾತು. ಘೋರವಾದ ಬರಗಾಲ ಬಂದಿತು. ಹಸಿದ ಜನರು ದಾಮಾಜಿಯ ಬಾಗಿಲಿಗೆ ಬಂದು ಬಿದ್ದರು. ಹಗೇವುಗಳಲ್ಲಿ ಸರಕಾರದ ಧಾನ್ಯ ತುಂಬಿದ್ದಿತು, ತೆಗೆಯುವ ಅಪ್ಪಣೆ ಇರಲಿಲ್ಲ. ಅಪ್ಪಣೆಗಾಗಿ ಕಾದರೆ ಜನ ಸಾಯುವರು. ತೆಗೆದರೆ ತನ್ನ ತಲೆ ಹೋಗುವದು. ಆ ಪುಣ್ಯಾತ್ಮನು ಹಗೇವುಗಳ ಬಾಯಿ ತೆರೆಯಿಸಿದನು. ಸುದ್ದಿ ಬೀದರಕ್ಕೆ ಮುಟ್ಟಿತು. ಸುಲ್ತಾನನ ಆಳುಗಳು ಬಂದು ಅವನನ್ನು ಹಿಡಿದೊಯ್ದರು. ದಾರಿಯಲ್ಲಿ ಪಂಢರಪುರ ಬಂದಾಗ ವಿಠ್ಠಲನ ಕಡೆಯ ದರ್ಶನವೊಂದನ್ನು ಬೇಡಿಕೊಂಡನು. ಇತ್ತ ಪಾಂಡುರಂಗನು ವಿಠೂ ಎಂಬ ಊರ ಸೇವಕನ ವೇಷ ತಾಳಿ, ಮೇಲ್ಜಾತಿಯವರು ಹೊಸ್ತಿಲೊಳಗೆ ಕರೆಯದವನ ರೂಪದಲ್ಲಿ ಕಂಬಳಿ ಹೊದ್ದು, ಬೀದರದ ದರಬಾರಿಗೆ ನಡೆದುಹೋಗಿ, ಸಣ್ಣದೊಂದು ಚೀಲದಿಂದ ಧಾನ್ಯದ ಬೆಲೆಯನ್ನೆಲ್ಲ ಸುರಿದನು.

ಹಣ ಸುರಿದು ಅವನು ಹಾಗೆಯೇ ಹೊರಟುಬರಲಿಲ್ಲ. ಪಾವತಿ ಕೇಳಿದನು. ಮುದ್ರೆಯೊತ್ತಿದ ಆ ಪಾವತಿಯು ದಾಮಾಜಿಗೆ ತನ್ನ ಗೀತೆಯ ಪೋಥಿಯೊಳಗೆ ದೊರೆಯಿತು.

ಹರಿಕಥೆ ಕೇಳುವ ಜನರು ಇಲ್ಲಿ ಕಣ್ಣೀರು ತರುವರು. ತರುವದು ಸಹಜವೂ ಹೌದು. ಆದರೆ ಭಗವಂತನು ಆ ದಿನ ಮಾಡಿದ್ದೇನೆಂಬದನ್ನು ಕಣ್ಣೊರೆಸಿಕೊಂಡು ನೋಡಬೇಕು. ಜಗತ್ತನ್ನೇ ಸೃಷ್ಟಿಸಿದವನಿಗೆ ಬರಿದಾದ ಹಗೇವುಗಳನ್ನು ಒಂದು ರಾತ್ರಿಯಲ್ಲಿ ತುಂಬುವದು ಕಠಿಣವಾಗಿರಲಿಲ್ಲ. ಸುಲ್ತಾನನಿಗೆ ಮರೆವು ಕೊಡಬಹುದಾಗಿತ್ತು. ಸರಕಾರದ ದಫ್ತರವನ್ನೇ ಗೆದ್ದಲಿಗೆ ಒಪ್ಪಿಸಬಹುದಾಗಿತ್ತು. ಯಾವದನ್ನೂ ಮಾಡದೆ ಅವನು ಬೆಲೆಯನ್ನು ತೆತ್ತು ಕಾಗದ ಪಡೆದನು. ಭಕ್ತನ ಕಾರ್ಯ ಪುಣ್ಯದ್ದಾದರೂ ಧಾನ್ಯ ಪರರದು; ಋಣವು ಋಣವೇ ಎಂಬದನ್ನು ಭಗವಂತನೇ ಒಪ್ಪಿಕೊಂಡಂತಾಯಿತು. “ದೇವರ ಕೆಲಸಕ್ಕಲ್ಲವೇ ಹೋದದ್ದು, ಲೆಕ್ಕವೇಕೆ?” ಎಂದು ಕೇಳುವವರು ದಾಮಾಜಿಯ ಹೆಸರನ್ನು ಮರೆಗೆ ಹಿಡಿಯುವದುಂಟು. ದಾಮಾಜಿಯಾದರೋ ಮರೆಗೆ ನಿಂತವನಲ್ಲ. ಒಂದು ಪಾಯಲಿ ಕಾಳನ್ನೂ ತನ್ನದೆನ್ನದೆ, ಉತ್ತರ ಕೊಡಲು ಬೀದರದ ದಾರಿ ಹಿಡಿದವನು.

ಬಸವಣ್ಣನವರ ಮೇಲಿನ ದೂರೂ ಇಂಥದೇ. ಅರಸನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಾರೆಂದು ಮತ್ಸರಿಗಳು ಬಿಜ್ಜಳನ ಕಿವಿಯೂದಿದರು. ಭಂಡಾರವನ್ನು ಎಣಿಸಿ ನೋಡಲಾಗಿ ಒಂದು ಹೊನ್ನೂ ಕಡಿಮೆ ಬರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಅವರಂಥ ಶುದ್ಧಹಸ್ತರ ಭಂಡಾರವನ್ನೇ ಎಣಿಸಿ ನೋಡಿದ ಮೇಲೆ, ಊರ ಪಂಚರ ಪೆಟ್ಟಿಗೆಯನ್ನು ಎಣಿಸಲು ಕೇಳಿದವನು ದೇವದ್ರೋಹಿಯಾಗುವದು ಹೇಗೆ?

ಕೊಟ್ಟವನು ಯಾವದಕ್ಕೆ ಕೊಟ್ಟನೋ ಅದಕ್ಕೇ ಸಲ್ಲಬೇಕೆಂಬ ನಿಯಮವೂ ನಿನ್ನೆಯದಲ್ಲ. ಸೊಲ್ಲಾಪುರದ ಸೀಮೆಯಲ್ಲಿ ಹೇರಳವಾಗಿರುವ ಕನ್ನಡ ಶಿಲಾಶಾಸನಗಳಂಥವನ್ನು ಓದಬಲ್ಲವರು ಇದನ್ನರಿಯುವರು. ನಂದಾದೀವಿಗೆಗೆ ಇಷ್ಟು, ನೈವೇದ್ಯಕ್ಕೆ ಇಷ್ಟು, ತಪೋಧನರ ಆಹಾರಕ್ಕೆ ಇಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು ಎಂದು ಭೂಮಿಯ ಎಲ್ಲೆ ಸಹಿತ ಕಲ್ಲಿನಲ್ಲಿ ಕೊರೆಯಿಸಿ, ಅದನ್ನಪಹರಿಸಿದವನು 60,000 ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವನ್ನೂ ಕೆಳಗೆ ಬರೆಯಿಸಿದರು. ಶಿಖರಕ್ಕೆಂದು ಎತ್ತಿದ ಹಣದಿಂದ ಜಾತ್ರೆಯ ಮದ್ದು ಸುಟ್ಟರೆ ಅದೂ ಅಪಹಾರವೇ. ಒಬ್ಬನ ಜೇಬಿಗೂ ಹೋಗಲಿಲ್ಲವೆಂಬ ಸಮಾಧಾನ ಅಲ್ಲಿ ಸಾಲದು.

ಹಣ ಎತ್ತುವ ರೀತಿಯೂ ವಿಚಾರಿಸತಕ್ಕದ್ದು. ಕನ್ನಡದಲ್ಲಿ ವಂತಿಗೆಯೆನ್ನಲಿ, ಮರಾಠಿಯಲ್ಲಿ ವರ್ಗಣಿಯೆನ್ನಲಿ, ಹತ್ತು ಜನ ಮುಖಂಡರು ಬಡವನ ಅಂಗಳದಲ್ಲಿ ಗುಂಪಾಗಿ ನಿಂತಾಗ ಅದು ದಾನವಾಗಿ ಉಳಿಯುವದಿಲ್ಲ, ದಂಡವಾಗುವದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅವನ ಮಡದಿ ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿ ಕಳಿಸಿದಳು. ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದ್ದಿತು, ಅಷ್ಟೇ. ಇಂಥ ಮನೆಯೊಡತಿ ಪ್ರತಿಯೊಂದು ಜೀರ್ಣೋದ್ಧಾರ ಮಂಡಳಿಯಲ್ಲಿ ಒಬ್ಬಳಿದ್ದರೆ ಎಷ್ಟೋ ಜಗಳ ಹುಟ್ಟುತ್ತಿರಲಿಲ್ಲ.

ಈಗ ಕಾಯ್ದೆಯೂ ಇದೆ. 1950ರಲ್ಲಿ ಮುಂಬಯಿ ಪ್ರಾಂತದ ಹೆಸರಿನಿಂದ ಬಂದು ಇಂದು ಮಹಾರಾಷ್ಟ್ರದ ಹೆಸರಿನಿಂದ ನಡೆಯುವ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯು ನೋಂದಣಿಯನ್ನೂ ಲೆಕ್ಕವನ್ನೂ ವರ್ಷಕ್ಕೊಮ್ಮೆ ಅದರ ತಪಾಸಣೆಯನ್ನೂ ವಿಧಿಸುತ್ತದೆ. ಆದರೆ ತಪಾಸಣೆಯವನು ನೋಡುವದು ಕೀರ್ದಿ ಖತಾವಣಿಗಳನ್ನು. ಪಾವತಿ ಹರಿಯದೆ ಕೈಯಿಂದ ಕೈಗೆ ಹೋದ ಹಣ ಅವನ ಕಣ್ಣಿಗೆ ಬೀಳದು. ಗರ್ಭಗುಡಿಯ ಮುಂದೆ ತೂಗಹಾಕಿದ ಕ್ಯೂಆರ್ ಫಲಕಕ್ಕೆ ಫೋನು ಹಿಡಿದು ಕಾಣಿಕೆ ಸಲ್ಲಿಸುವ ಭಕ್ತನು, ಅದು ದೇವಸ್ಥಾನದ ಖಾತೆಯೋ ಯಾರೋ ಒಬ್ಬರ ಸ್ವಂತದ ಖಾತೆಯೋ ಎಂದು ಫೋನಿನಲ್ಲಿ ಮೂಡುವ ಹೆಸರನ್ನು ಓದಿ ನೋಡುವದು ಅಪನಂಬಿಕೆಯಲ್ಲ. ಹತ್ತು ರೂಪಾಯಿ ಕೊಟ್ಟ ಕೂಲಿಯ ಹೆಣ್ಣುಮಗಳಿಗೂ, ಹತ್ತು ಸಾವಿರ ಕೊಟ್ಟ ಸಾವುಕಾರನಿಗೂ, ಅದೇ ಪುಸ್ತಕದಿಂದ ಹರಿದ ಪಾವತಿಯೇ ಸಲ್ಲಬೇಕು. ಅವಳು ಬೇಡವೆಂದರೂ ಕೊಡಬೇಕು.

ಇಂಥ ಸಂಚಿಕೆಗಳ ಕೊನೆಯ ಪುಟಗಳಲ್ಲಿ ದಾನಿಗಳ ಹೆಸರೂ ಮೊತ್ತವೂ ಅಚ್ಚಾಗುವ ರೂಢಿಯಿದೆ. ಕಲ್ಲಿಗೆಷ್ಟು, ಶಿಲ್ಪಿಗೆಷ್ಟು, ಸಿಮೆಂಟಿಗೆಷ್ಟು, ಕಳಸಾರೋಹಣದ ಊಟಕ್ಕೆಷ್ಟು ಎಂಬ ಪುಟವು ಅನೇಕ ಸಂಚಿಕೆಗಳಲ್ಲಿ ಕಾಣುವದಿಲ್ಲ. ಜಮೆಯ ಬದಿಯನ್ನು ಅಚ್ಚುಹಾಕಿ ಖರ್ಚಿನ ಬದಿಯನ್ನು ಬಿಟ್ಟ ಕೀರ್ದಿಯನ್ನು ಯಾವ ಕರಣಿಕನೂ ಕೀರ್ದಿಯೆನ್ನನು. ಕಳಸವೇರಿದ ಮೇಲೆ ಉಳಿದ ಶಿಲ್ಕನ್ನು ಊರ ಜನರ ಮುಂದೆ ದೇವರ ಎದುರಿನಲ್ಲಿ ಓದಿ ಹೇಳಿ, ಅದನ್ನೇನು ಮಾಡತಕ್ಕದ್ದೆಂದು ಕೊಟ್ಟವರನ್ನೇ ಕೇಳಬೇಕು. ಶಿಲ್ಕು ಉಳಿಯದೆ ಸಾಲವೇ ಉಳಿದಿದ್ದರೆ, ಅದನ್ನೂ ಅದೇ ಧ್ವನಿಯಲ್ಲಿ ಓದಬೇಕು.