ಗಾಯನ ತಂಡದ ಕಪಾಟು



ಸ್ವರ್ಗಸಾಮ್ರಾಜ್ಯದ ಶಿಷ್ಯನನ್ನು ಪ್ರಭು ಯೇಸು ಒಬ್ಬ ಮನೆಯ ಯಜಮಾನನಿಗೆ ಹೋಲಿಸುತ್ತಾರೆ. ಅವನು ತನ್ನ ಉಗ್ರಾಣದಿಂದ ಹೊಸದನ್ನೂ ಹಳೆಯದನ್ನೂ ಹೊರಗೆ ತರುತ್ತಾನೆ (ಮತ್ತಾಯ 13:52). ತಂದದ್ದರಲ್ಲಿ ಯಾವುದನ್ನು ಮತ್ತೆ ಒಳಗಿಟ್ಟ ಎಂದು ಮಾತ್ರ ಶುಭಸಂದೇಶ ಹೇಳುವುದಿಲ್ಲ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಗಾಯನ ತಂಡದ ಕಪಾಟು ಖಾಲಿಯಾಗುತ್ತದಲ್ಲ, ಆಗ ನಮ್ಮ ಮುಂದಿರುವ ಪ್ರಶ್ನೆಯೂ ಅದೇ. ತಿದಿ ಹರಿದ ಹಾರ್ಮೋನಿಯಂ, ಅಗಲಿದ ತಾಯಿಯ ನೆನಪಿಗೆ ಯಾರೋ ಕೊಟ್ಟ ಕೀಬೋರ್ಡ್, ಕೈಬರಹದ ಹಾಡಿನ ಪುಸ್ತಕಗಳು, ಈಚೆಗೆ ಒಂದು ಲ್ಯಾಪ್‌ಟಾಪ್. ಹಿರಿಯರು ಹಳೆಯದರಲ್ಲೇ ಭಕ್ತಿ ಇದೆ ಎನ್ನುತ್ತಾರೆ, ಯುವಜನರು ಇದೆಲ್ಲ ಗುಜರಿ ಎನ್ನುತ್ತಾರೆ. ಇಷ್ಟಕ್ಕೇ ತಂಡ ಎರಡಾದದ್ದುಂಟು.

ಹಳೆಯದೆಂಬ ಕಾರಣಕ್ಕೇ ಯಾವುದೂ ಪವಿತ್ರವಾಗುವುದಿಲ್ಲ. ನಮ್ಮದೇ ಎಂದುಕೊಂಡಿರುವ ಹಾರ್ಮೋನಿಯಂ 19ನೇ ಶತಮಾನದಲ್ಲಿ ಯೂರೋಪಿನಿಂದ ಬಂದದ್ದು. ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ. ದೇವಾಲಯದಲ್ಲಿ ಪಿಯಾನೋ, ಡ್ರಮ್, ತಾಳಗಳು ಕೂಡದೆಂದು 1903ರಲ್ಲಿ ಪೋಪ್ ಹತ್ತನೇ ಪಯಸ್ ವಿಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿನ ಹಿರಿಮೆಯನ್ನು ಉಳಿಸಿಕೊಂಡೇ, ಆರಾಧನೆಗೆ ತಕ್ಕದ್ದಾಗಿ ಭಕ್ತರಿಗೆ ನಿಜವಾಗಿ ನೆರವಾಗುವ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು.

ಭಕ್ತರಿಗೆ ನೆರವಾಗುವುದು ಎಂದರೇನು? ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ತಾನೇ ಬಡಿಯುವ ತಾಳವಿದೆ. ಅದು ಯಾರಿಗೂ ಕಾಯುವುದಿಲ್ಲ. ಹಿಂದಿನ ಬೆಂಚಿನ ಅಜ್ಜಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತದೆ. ನಾಲ್ಕು ಭಾನುವಾರ ಹೀಗಾದರೆ ಆಕೆ ಬಾಯಿ ತೆರೆಯುವುದನ್ನೇ ಬಿಡುತ್ತಾಳೆ. ಕೈಯಲ್ಲಿ ನುಡಿಸುವವನಾದರೆ ಜನರ ಕಡೆ ಒಂದು ಕಿವಿ ಇಟ್ಟಿರುತ್ತಾನೆ. ಕೀಬೋರ್ಡ್ ಇರಲಿ, ಆ ಗುಂಡಿ ಬೇಡ. ಮುದ್ರಿತ ಟ್ರ್ಯಾಕುಗಳು ಅಭ್ಯಾಸಕ್ಕೆ ಸಾಕು. ಗ್ರಾಮಫೋನ್, ಟೇಪ್ ರೆಕಾರ್ಡರ್‌ಗಳು ಆರಾಧನೆಯಲ್ಲಿ ಸಲ್ಲವೆಂದು ರೋಮಿನ ಆದೇಶ 1958ರಲ್ಲೇ ಹೇಳಿತ್ತು. ಸಂತ ಅಗಸ್ಟೀನರು ಹಾಡಿನ ಅರ್ಥಕ್ಕಿಂತ ದನಿಯೇ ತಮ್ಮನ್ನು ಹೆಚ್ಚು ಸೆಳೆದಾಗ ಅದನ್ನು ಪಾಪವೆಂದೇ ಎಣಿಸಿದರು. ಆದರೂ ದೇವಾಲಯದಲ್ಲಿ ಹಾಡು ಬೇಡವೆನ್ನಲಿಲ್ಲ. ವಿಶ್ವಾಸಕ್ಕೆ ಬಂದ ಹೊಸತರಲ್ಲಿ ಸ್ತೋತ್ರಗಳನ್ನು ಕೇಳಿ ತಾವು ಅತ್ತದ್ದು ಅವರಿಗೆ ನೆನಪಿತ್ತು.

ಲ್ಯಾಪ್‌ಟಾಪಿನ ಕಥೆ ಬೇರೆ. ಸ್ವರಲಿಪಿ ಬರೆಯುವ ‘ಫಿನಾಲೆ’ ಎಂಬ ತಂತ್ರಾಂಶ 1988ರಿಂದ ಬಳಕೆಯಲ್ಲಿತ್ತು. ಅದನ್ನು ಇನ್ನು ಮುಂದುವರಿಸುವುದಿಲ್ಲವೆಂದು ತಯಾರಕರು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಅದರಲ್ಲಿ ಬರೆದಿಟ್ಟ ಹಾಡುಗಳು ಮುಂದೊಂದು ದಿನ ಹೊಸ ಕಂಪ್ಯೂಟರಿನಲ್ಲಿ ತೆರೆಯದೇ ಹೋಗಬಹುದು. ತಂತ್ರಾಂಶ ಯಾವುದೇ ಇರಲಿ, ಅದನ್ನು ಬಿಡುವ ಮುನ್ನ ಹಾಡುಗಳನ್ನು ‘ಮ್ಯೂಸಿಕ್‌ಎಕ್ಸ್‌ಎಂಎಲ್’ ರೂಪದಲ್ಲಿ ತೆಗೆದಿಡಿ. ಉಚಿತವಾಗಿ ಸಿಗುವ ‘ಮ್ಯೂಸ್‌ಸ್ಕೋರ್’ ಕೂಡ ಅದನ್ನು ಓದುತ್ತದೆ. ಕಾಗದದ ಮೇಲೂ ಒಂದು ಪ್ರತಿ ಇರಲಿ.

ಕೈಬರಹದ ಪುಸ್ತಕಗಳನ್ನಂತೂ ಗುಜರಿಗೆ ಹಾಕಲೇಬೇಡಿ. ಅವುಗಳಲ್ಲಿ ಸಾಹಿತ್ಯವಷ್ಟೇ ಇರುತ್ತದೆ, ರಾಗವಿರುವುದು ಹಿರಿಯರ ಗಂಟಲಿನಲ್ಲಿ. ಹಳೆಯದೆಲ್ಲ ಗುಜರಿ ಎನ್ನುವ ಯುವಜನರೇ ಈ ಕೆಲಸಕ್ಕೆ ತಕ್ಕವರು. ಒಂದು ಸಂಜೆ ಅವರನ್ನು ಕೂರಿಸಿ ಹಾಡಿಸಿ, ನಿಮ್ಮ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಇದನ್ನು ಮುಂದಿನ ಹಬ್ಬಕ್ಕೆಂದು ತಳ್ಳಬೇಡಿ.

ಹಾರ್ಮೋನಿಯಂಗೆ ತಿದಿ ಹಾಕಿಸಿದರೆ ಉಪಕೇಂದ್ರದ ಪೂಜೆಗೆ ಬಂದೀತು. ಕರೆಂಟು ಹೋದರೂ ಅದು ನಿಲ್ಲುವುದಿಲ್ಲ. ನೆನಪಿಗೆಂದು ಕೊಟ್ಟ ಕೀಬೋರ್ಡನ್ನು ಕೊಡುವುದೇ ಆದರೆ, ಮೊದಲು ಆ ಮನೆಗೆ ಹೋಗಿ ಕೇಳಿ, ತಾಯಿಯ ಹೆಸರಿನಲ್ಲಿ ಒಂದು ಪೂಜೆಯ ದಿನ ಗೊತ್ತುಮಾಡಿ ಬನ್ನಿ.