ಹಳೆಯ ಬಟ್ಟೆ, ಹಳತಾಗದ ಋಣ

ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ ಮತ್ತು ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಪುರಾಣಗಳು ಸಾರುತ್ತವೆ. ಇವುಗಳಲ್ಲಿ ಶಿಲ್ಪವೆಂದರೆ ಕೈಕಸುಬು, ವಾಣಿಜ್ಯವೆಂದರೆ ವ್ಯಾಪಾರ. ಮನೆಯಲ್ಲಿಯೇ ಕುಳಿತು ಕೈಯಿಂದ ವಸ್ತುಗಳನ್ನು ತಯಾರಿಸಿ ತಾವೇ ಮಾರುವವರ ಬದುಕಿನಲ್ಲಿ ಈ ಎರಡೂ ಕರ್ಮಗಳು ಕೂಡಿಬರುತ್ತವೆ. ಆದುದರಿಂದ ಅಂಥವರ ಮುಂದೆ ಬರುವ ಧರ್ಮಪ್ರಶ್ನೆಗಳೂ ಇಮ್ಮಡಿಯಾಗಿರುತ್ತವೆ. ಅದರಲ್ಲಿಯೂ ಇತರರು ಬೇಡವೆಂದು ಬಿಟ್ಟ ಹಳೆಯ ವಸ್ತುವಿನಿಂದ ಹೊಸದನ್ನು ಮಾಡಿ ಮಾರುವ ಉದ್ಯೋಗದಲ್ಲಿ ಒಂದು ಸೂಕ್ಷ್ಮವಾದ ಪ್ರಶ್ನೆ ಅಡಗಿದೆ. ಕಸವೆಂದು ಕೊಟ್ಟ ವಸ್ತುವಿನಲ್ಲಿ ಮೌಲ್ಯ ಕಂಡುಬಂದರೆ ಆ ಮೌಲ್ಯ ಯಾರದು?

ಈ ಉದ್ಯೋಗವು ಹೆಸರಿನಿಂದ ಹೊಸದಾದರೂ ಪದ್ಧತಿಯಿಂದ ಹಳೆಯದು. ಕನ್ನಡದ ಮನೆಗಳಲ್ಲಿ ಕೌದಿ, ಮರಾಠಿ ಮನೆಗಳಲ್ಲಿ ಗೋಧಡಿ, ಹಿಂದಿ ಮನೆಗಳಲ್ಲಿ ಗುದಡಿ ಎಂದು ಕರೆಯಲ್ಪಡುವ ಹೊದಿಕೆಯು ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳಿಂದಲೇ ಹುಟ್ಟಿದೆ. ಅಜ್ಜಿಯ ಮೆತ್ತನೆಯ ಹಳೆಯ ಸೀರೆಯ ಕೌದಿಯ ಮೇಲೆ ಮೊಮ್ಮಗುವನ್ನು ಮಲಗಿಸುವ ರೂಢಿ ಭಾಷೆಯ ಗಡಿಗಳನ್ನು ಲೆಕ್ಕಿಸಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಸಮುದಾಯದ ಸ್ತ್ರೀಯರು ಕೌದಿಯ ನಾಲ್ಕು ಮೂಲೆಗಳಿಗೂ ಮಡಿಚಿದ ತುಂಡುಗಳನ್ನು ಹೊಲಿದು ಅವುಗಳನ್ನು ‘ಫೂಲ’ ಎನ್ನುತ್ತಾರೆ. ಚಿಂದಿಯಿಂದ ಮಾಡಿದ ಹೊದಿಕೆಗೂ ಹೂವು ಮುಡಿಸದೆ ಕಳಿಸಬಾರದೆಂಬ ಅವರ ಭಾವನೆ ಗೌರವಕ್ಕೆ ಪಾತ್ರವಾದುದು.

ಇಂದು ಇದೇ ಪದ್ಧತಿಯಿಂದ ಕೈಚೀಲ, ದಿಂಬಿನ ಹೊದಿಕೆ, ತೋರಣ, ಪುಸ್ತಕದ ಹೊದಿಕೆ ಮುಂತಾದವು ತಯಾರಾಗುತ್ತಿವೆ. ಚಾದರ ಮತ್ತು ಟವೆಲ್‌ಗಳಿಗೆ ಹೆಸರಾದ ಸೊಲ್ಲಾಪುರದಂಥ ಊರಿನಲ್ಲಿ ಮಗ್ಗದ ಅಂಚಿನ ಚಿಂದಿಗೂ ಕೊರತೆಯಿಲ್ಲ. ಮನೆಮನೆಯ ಕಪಾಟಿನಲ್ಲಿ ಇಲಕಲ್ ಸೀರೆ, ಗುಳೇದಗುಡ್ಡದ ಖಣಗಳಿಗೂ ಕೊರತೆಯಿಲ್ಲ. ಇರುವ ವಸ್ತುವನ್ನೇ ಮತ್ತೆ ಬಳಸುವುದರಿಂದ ಹೊಸ ಆರಂಭ ತಗ್ಗುತ್ತದೆ, ಪರಿಗ್ರಹವೂ ಹಗುರಾಗುತ್ತದೆ. ಈ ದೃಷ್ಟಿಯಿಂದ ಇದು ಶ್ರಾವಕರಿಗೆ ಒಪ್ಪುವ ಉದ್ಯೋಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉದ್ಯೋಗವು ಒಳ್ಳೆಯದೆಂಬ ಕಾರಣದಿಂದಲೇ ಅದರಲ್ಲಿ ಮಾಡುವುದೆಲ್ಲವೂ ಒಳ್ಳೆಯದಾಗುವುದಿಲ್ಲ.

ಕೊಟ್ಟವರ ಋಣ

ಒಂದು ಪ್ರಸಂಗವನ್ನು ಊಹಿಸಬಹುದು. ಸೊಲ್ಲಾಪುರದ ಒಂದು ಗಲ್ಲಿಯಲ್ಲಿ ಒಬ್ಬ ಶ್ರಾವಿಕೆ ಇದ್ದಾಳೆ. ಪತಿಯ ಅಂಗಡಿ ಮುಚ್ಚಿದ ಮೇಲೆ ಹೊಲಿಗೆಯಿಂದಲೇ ಸಂಸಾರವನ್ನು ತೂಗಿಸುತ್ತಿದ್ದಾಳೆ. ನೆರೆಯ ಇಬ್ಬರು ಹೆಂಗಸರು ಅವಳ ಬಳಿ ಕೂಲಿಗೆ ಹೊಲಿಯುತ್ತಾರೆ. ಒಂದು ದಿನ ಪರಿಚಯದ ಅಜ್ಜಿಯೊಬ್ಬರು ತಮ್ಮ ಮದುವೆಯ ಸೀರೆಯನ್ನು ತಂದು, “ಟ್ರಂಕಿನಲ್ಲಿ ಸುಮ್ಮನೆ ಕೊಳೆಯುತ್ತಿದೆ, ಏನಾದರೂ ಮಾಡಿಕೋ” ಎಂದು ಕೊಟ್ಟು ಹೋಗುತ್ತಾರೆ. ಸೀರೆಯ ಒಡಲು ಮಡಿಕೆ ಮಡಿಕೆಗೆ ಸೀಳಿದೆ. ಅಂಚನ್ನು ಬಿಚ್ಚುವಾಗ ಶ್ರಾವಿಕೆಗೆ ಒಂದು ಸಂಗತಿ ತಿಳಿಯುತ್ತದೆ. ಆ ಜರಿ ಇಂದಿನ ತಾಮ್ರದ ಅಥವಾ ಪ್ಲಾಸ್ಟಿಕ್ ಜರಿಯಲ್ಲ. ನೂಲಿನ ಮೇಲೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಕೊಟ್ಟ ಹಳೆಯ ಕಾಲದ ಅಸಲಿ ಜರಿ. ಹಳೆಯ ಜರಿಯನ್ನು ಕೊಂಡು ಸುಟ್ಟು ಬೆಳ್ಳಿ ತೆಗೆಯುವವರು ಇದಕ್ಕೆ ಸಾವಿರಾರು ರೂಪಾಯಿ ಕೊಡುತ್ತಾರೆ. ಮಗನ ಶಾಲೆಯ ಶುಲ್ಕ ಕಟ್ಟುವ ದಿನ ಹತ್ತಿರವಿದೆ. ಅಜ್ಜಿಗೆ ಈ ವಿಷಯ ತಿಳಿಯದು. ತಿಳಿಯುವ ಸಂಭವವೂ ಇಲ್ಲ.

ಆ ಬೆಳ್ಳಿ ಯಾರದು?

ವ್ಯವಹಾರ ಬಲ್ಲವರು ಕೂಡಲೇ ಒಂದು ಉತ್ತರವನ್ನು ಕೊಡಬಹುದು. ಅಜ್ಜಿ ಸೀರೆಯನ್ನು ಸ್ವ-ಇಚ್ಛೆಯಿಂದ ಕೊಟ್ಟಿದ್ದಾರೆ. ಕೊಟ್ಟ ಮೇಲೆ ಅದು ಪಡೆದವಳದು. ವ್ಯಾಪಾರಿಯ ತಿಳಿವಳಿಕೆಯೇ ಅವನ ಬಂಡವಾಳ. ಮಾಲನ್ನು ಗುರುತಿಸಬಲ್ಲವನು ಅಗ್ಗಕ್ಕೆ ಕೊಂಡು ಹೆಚ್ಚಿಗೆ ಮಾರುತ್ತಾನೆ, ಇದರಲ್ಲಿ ಅನ್ಯಾಯವೇನು? ಈ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಪೇಟೆಯಲ್ಲಿ ಇಬ್ಬರು ವ್ಯಾಪಾರಿಗಳು ಎದುರುಬದುರು ಕುಳಿತಾಗ ಇಬ್ಬರೂ ತಮ್ಮ ತಮ್ಮ ತಿಳಿವಳಿಕೆಯನ್ನು ಪಣವಾಗಿಟ್ಟಿರುತ್ತಾರೆ. ಅಲ್ಲಿ ಮೋಸವಿಲ್ಲದಿದ್ದರೆ ಸಾಕು.

ಆದರೆ ಅಜ್ಜಿಯು ವ್ಯಾಪಾರಕ್ಕೆ ಬಂದವರಲ್ಲ, ವಿಶ್ವಾಸದಿಂದ ಬಂದವರು. ಚೌರ್ಯವೆಂಬುದಕ್ಕೆ ಶಾಸ್ತ್ರದಲ್ಲಿ ‘ಅದತ್ತಾದಾನ’ ಎಂಬ ಶಬ್ದವಿದೆ. ಕೊಡದಿರುವುದನ್ನು ತೆಗೆದುಕೊಳ್ಳುವುದು ಎಂದು ಅದರ ಅರ್ಥ. ಕೊಡುವ ಕ್ರಿಯೆ ಕೈಯಿಂದ ಮಾತ್ರ ಆಗುವುದಿಲ್ಲ, ಮನಸ್ಸಿನಿಂದಲೂ ಆಗಬೇಕು. ಅಜ್ಜಿಯ ಮನಸ್ಸು ಕೊಟ್ಟಿದ್ದು ಹರಿದ ಬಟ್ಟೆಯನ್ನು. ಬೆಳ್ಳಿಯು ಕೈಯಿಂದ ಕೈಗೆ ಬಂದಿದೆ, ಆದರೆ ಮನಸ್ಸಿನಿಂದ ಇನ್ನೂ ಬಂದಿಲ್ಲ. ಆದುದರಿಂದ ಅಜ್ಜಿಗೆ ತಿಳಿಸುವವರೆಗೆ ಅದು ಅದತ್ತವೇ ಆಗಿದೆ.

ಇಲ್ಲಿ ಮತ್ತೊಂದು ಶಂಕೆ ಬರುತ್ತದೆ. ಆ ಹರಿದ ಸೀರೆಯಿಂದ ಶ್ರಾವಿಕೆ ಸುಂದರವಾದ ಚೀಲಗಳನ್ನು ಹೊಲಿದು ಲಾಭ ಗಳಿಸಿದರೆ ಆ ಲಾಭವೂ ಅಜ್ಜಿಯ ಮನಸ್ಸಿನಲ್ಲಿರಲಿಲ್ಲವಲ್ಲ, ಅದನ್ನೂ ಹಿಂದಿರುಗಿಸಬೇಕೇ? ಬೇಕಿಲ್ಲ. ಆ ಲಾಭ ಬಂದಿದ್ದು ಅವಳ ಕಣ್ಣು, ಕೈ ಮತ್ತು ದುಡಿಮೆಯಿಂದ. ಈ ಎರಡನ್ನೂ ಬೇರ್ಪಡಿಸಲು ಒಂದು ಸುಲಭವಾದ ಒರೆಗಲ್ಲಿದೆ. ಕೊಟ್ಟವರು ಅದೇ ಸಮಯದಲ್ಲಿ ಹೊಸ್ತಿಲಲ್ಲಿ ಬಂದು ನಿಂತು ನೋಡಿದರೆ ಏನೆನ್ನುತ್ತಾರೆ? ಚೀಲವನ್ನು ನೋಡಿದರೆ ಅಜ್ಜಿ ಹಿಗ್ಗುತ್ತಾರೆ. ತನ್ನ ಸೀರೆ ಸಾರ್ಥಕವಾಯಿತೆನ್ನುತ್ತಾರೆ. ಜರಿ ಸುಟ್ಟು ಬೆಳ್ಳಿ ತೂಗುವುದನ್ನು ನೋಡಿದರೆ ಅವರ ಮುಖ ಬಾಡುತ್ತದೆ. ಹಿಗ್ಗುವಂಥದು ದುಡಿದವಳಿಗೆ ಸಲ್ಲುತ್ತದೆ. ಮುಖ ಬಾಡುವಂಥದು ಇನ್ನೂ ಕೊಟ್ಟವರದೇ.

ಹೊಲಿದವರ ಋಣ

ಬಟ್ಟೆ ಪುಕ್ಕಟೆ ಬಂದಿದೆಯೆಂದು ಮಾರುವ ವಸ್ತುವೂ ಅಗ್ಗವಾಗಿರಬೇಕೆಂದು ಗಿರಾಕಿಗಳು ಕೇಳುವುದುಂಟು. ಹಲವರು ಹಾಗೆಯೇ ಮಾರುವುದೂ ಉಂಟು. ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂಬ ಗಾದೆಯಂತೆ ಇದನ್ನೂ ಲೆಕ್ಕಹಾಕಿ ನೋಡಬೇಕು. ಒಂದು ಕೌದಿಗೆ 60 ಗಂಟೆಯ ಕೈಹೊಲಿಗೆ ಬೇಕೆಂದು ಹಿಡಿಯಲಾಗಲಿ. ಗಂಟೆಗೆ 50 ರೂಪಾಯಿಯಂತೆ ಕೂಲಿಯೇ 3,000 ರೂಪಾಯಿ ಆಗುತ್ತದೆ. ನೂಲು, ಅಸ್ತರು, ಬಟ್ಟೆ ಒಗೆಯುವ ಖರ್ಚು ಸೇರಿ 400 ರೂಪಾಯಿ ಇರಲಿ. ‘ಹಳೆಯ ಬಟ್ಟೆಯದಲ್ಲವೇ’ ಎಂದು ಆ ಕೌದಿಯನ್ನು 1,500 ರೂಪಾಯಿಗೆ ಮಾರಿದರೆ ಉಳಿಯುವುದು 1,100 ರೂಪಾಯಿ. 60 ಗಂಟೆಗೆ ಹಂಚಿದರೆ ಗಂಟೆಗೆ 18 ರೂಪಾಯಿ ಚಿಲ್ಲರೆ ಬರುತ್ತದೆ. ಮಾರಿದವಳು ತನ್ನ ಲಾಭವನ್ನು ಒಂದು ರೂಪಾಯಿಯೂ ಇಟ್ಟುಕೊಳ್ಳದಿದ್ದಾಗಿನ ಲೆಕ್ಕವಿದು.

ಹೀಗೆ ಅಗ್ಗದ ಬೆಲೆಯನ್ನು ತೆರುವವರು ನೆರೆಯ ಇಬ್ಬರು ಹೆಂಗಸರು. ಅವರ ಬೆರಳಿಗೆ ಚುಚ್ಚಿದ ಸೂಜಿ ಹಳೆಯ ಬಟ್ಟೆಯಲ್ಲಿಯೂ ಹೊಸ ಬಟ್ಟೆಯಲ್ಲಿಯೂ ಒಂದೇ ರೀತಿ ಚುಚ್ಚುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನ ನಿರೋಧವೂ ಸೇರಿವೆಯೆಂಬುದನ್ನು ಶ್ರಾವಕರು ಬಲ್ಲರು. ಎತ್ತಿನ ಮೇಲೆ ಹೆಚ್ಚು ಹೊರೆ ಹೇರಬಾರದೆಂಬ ನಿಯಮವನ್ನು ಪಾಲಿಸುವ ಮನೆಯು ಹೊಲಿಯುವ ಕೈಗಳ ಮೇಲೆ ಹೊರೆ ಹೇರಿ, ಅನ್ನಕ್ಕೆ ಸಾಲದ ಕೂಲಿ ಕೊಟ್ಟರೆ ಆ ನಿಯಮದ ತಿರುಳು ತಪ್ಪಿದಂತಾಗುತ್ತದೆ. ಆದುದರಿಂದ ಬೆಲೆಯನ್ನು ಬಟ್ಟೆಯಿಂದ ನಿರ್ಧರಿಸದೆ ದುಡಿಮೆಯಿಂದ ನಿರ್ಧರಿಸುವುದು ನ್ಯಾಯ. ಗಿರಾಕಿ ಒಪ್ಪದಿದ್ದರೆ ಕೌದಿಯ ಬದಲು ಕಡಿಮೆ ಹೊಲಿಗೆಯ ಚಿಕ್ಕ ವಸ್ತುವನ್ನು ಮಾಡಬಹುದು; ಕೂಲಿಯನ್ನು ಚಿಕ್ಕದು ಮಾಡಬಾರದು.

ಕೊಂಡವರ ಋಣ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಪ್ರವಚನವಾಗುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ವ್ರತಗಳನ್ನು ವಿವರಿಸಿದ್ದಾರೆ. ಅಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಒಂದು. ಪ್ರತಿರೂಪಕ ವ್ಯವಹಾರ, ಅಂದರೆ ಒಂದನ್ನು ತೋರಿಸಿ ಅದರಂತೆಯೇ ಕಾಣುವ ಇನ್ನೊಂದನ್ನು ಕೊಡುವುದು ಮತ್ತೊಂದು. ಅಕ್ಕಿಯಲ್ಲಿ ಕಲ್ಲು, ತುಪ್ಪದಲ್ಲಿ ಡಾಲ್ಡಾ ಬೆರೆಸುವುದನ್ನು ಎಲ್ಲರೂ ಗುರುತಿಸುತ್ತಾರೆ. ಈ ಉದ್ಯೋಗದಲ್ಲಿ ಪ್ರತಿರೂಪಕವು ತಲೆಕೆಳಗಾಗಿ ಬರುತ್ತದೆ. ಹಿಂದೆ ಹಳೆಯದನ್ನು ಹೊಸದೆಂದು ಮಾರುವ ಮೋಸವಿತ್ತು. ಈಗ ಹಳೆಯದಕ್ಕೆ ಬೆಲೆ ಬಂದಿರುವುದರಿಂದ ಹೊಸದನ್ನು ಹಳೆಯದೆಂದು ಮಾರುವ ಮೋಸ ಹುಟ್ಟಿದೆ.

ಶ್ರಾವಿಕೆಗೆ 50 ರೇಷ್ಮೆ ಚೀಲಗಳ ಬೇಡಿಕೆ ಬಂದಿದೆಯೆಂದು ಇಟ್ಟುಕೊಳ್ಳಬಹುದು. ಕೂಡಿಟ್ಟ ಹಳೆಯ ಸೀರೆಗಳು 20 ಚೀಲಗಳಿಗೆ ಮಾತ್ರ ಸಾಲುತ್ತವೆ. ಪೇಟೆಗೆ ಹೋಗಿ ಹೊಸ ರೇಷ್ಮೆ ತಂದು, ಒಂದೆರಡು ಬಾರಿ ಒಗೆದು ಮಾಸಿಸಿ ಕತ್ತರಿಸಿದರೆ ಯಾರಿಗೂ ತಿಳಿಯದು. ಆದರೆ ಕೊಳ್ಳುವವರು ಬೆಲೆ ಕೊಡುವುದು ಚೀಲಕ್ಕೆ ಮಾತ್ರವಲ್ಲ. ತಮ್ಮ ಕಾರಣದಿಂದ ಹೊಸ ವಸ್ತು ತಯಾರಾಗಲಿಲ್ಲವೆಂಬ ಸಮಾಧಾನಕ್ಕೂ ಕೊಡುತ್ತಾರೆ. ಆ ಸಮಾಧಾನವನ್ನು ಮಾರಿ ಅದನ್ನು ಕೊಡದಿರುವುದು ತಕ್ಕಡಿಯಲ್ಲಿ ಬೆರಳಿಡುವುದಕ್ಕೆ ಸಮಾನ.

ಜೀವದ ಋಣ

ರೇಷ್ಮೆಯ ವಿಷಯದಲ್ಲಿ ಋಣ ಇನ್ನೂ ಆಳವಾದುದು. ರೇಷ್ಮೆಗೂಡಿನ ಎಳೆ ಸುಮಾರು ಒಂದು ಸಾವಿರ ಮೀಟರ್‌ವರೆಗೆ ತುಂಡಾಗದೆ ಬರಬೇಕಾದರೆ ಒಳಗಿನ ಜೀವವು ಪತಂಗವಾಗಿ ಗೂಡನ್ನು ಸೀಳಿ ಹೊರಬರುವ ಮೊದಲೇ ಅದನ್ನು ಬಿಸಿಯಿಂದ ಕೊಲ್ಲಲಾಗುತ್ತದೆ. ಒಂದು ಸೀರೆಗೆ ಇಂಥ ಸಾವಿರಾರು ಗೂಡುಗಳು ಬೇಕು. ಹೈದರಾಬಾದಿನ ಕುಸುಮ ರಾಜಯ್ಯ ಅವರು 1990ರ ದಶಕದಿಂದ, ಪತಂಗ ಹಾರಿಹೋದ ನಂತರ ಉಳಿದ ಗೂಡಿನಿಂದ ನೂಲು ತೆಗೆದು ‘ಅಹಿಂಸಾ ರೇಷ್ಮೆ’ಯನ್ನು ರೂಢಿಗೆ ತಂದದ್ದು ಈ ಹಿಂಸೆಯನ್ನು ತಪ್ಪಿಸಲೆಂದೇ.

ಹಾಗಾದರೆ ಎಂದೋ ನೇಯ್ದ ಹಳೆಯ ರೇಷ್ಮೆಯನ್ನು ಮುಟ್ಟಬಹುದೇ? ಮುಟ್ಟಲೇಬಾರದೆಂದು ನಿಯಮವಿಟ್ಟುಕೊಂಡವರು ವಂದ್ಯರು. ಆದರೆ ಮುಟ್ಟುವವರೂ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳನ್ನು ಪರೀಕ್ಷಿಸಿಕೊಳ್ಳಬೇಕು. ಮನೆಯ ಟ್ರಂಕಿನಲ್ಲಿದ್ದ ಹರಿದ ಸೀರೆಯಿಂದ ಚೀಲ ಹೊಲಿದವಳು ಕೊಂದವಳಲ್ಲ, ಕೊಲ್ಲಿಸಿದವಳೂ ಅಲ್ಲ. ಮೂರನೆಯ ಬಾಗಿಲು ಮಾತ್ರ ಅರೆತೆರೆದಿದೆ. ಆ 20 ಚೀಲಗಳಿಗೆ ನಿಂತರೆ ಆದ ಹಿಂಸೆಗೆ ಹೊಸದು ಸೇರುವುದಿಲ್ಲ. 21ನೆಯ ಚೀಲಕ್ಕಾಗಿ ಪೇಟೆಯ ಹೊಸ ರೇಷ್ಮೆಗೆ ಕೈಚಾಚಿದ ಕ್ಷಣದಲ್ಲಿ ಅನುಮೋದನೆಯೊಂದಿಗೆ ಕಾರಿತವೂ ಒಳಗೆ ಬರುತ್ತದೆ. ಉಳಿದ 30 ಚೀಲಗಳನ್ನು ಹತ್ತಿಯ ಖಣದಿಂದ ಮಾಡಿಕೊಡುವೆನೆಂದು ಹೇಳುವುದು, ಗಿರಾಕಿ ಒಪ್ಪದಿದ್ದರೆ ಕೈಮುಗಿಯುವುದು, ಇಷ್ಟೇ ಅವಳಿಗಿರುವ ದಾರಿ. ನಷ್ಟ ನಿಜವಾದುದೇ. ವ್ರತವು ನಷ್ಟವಿಲ್ಲದ ಕಡೆ ಮಾತ್ರ ಪಾಲನೆಯಾಗುವುದಾದರೆ ಅದಕ್ಕೆ ವ್ರತವೆಂಬ ಹೆಸರು ಒಪ್ಪುವುದಿಲ್ಲ.

ಮತ್ತೆ ಅಜ್ಜಿಯ ಸೀರೆಯತ್ತ ಬಂದರೆ, ಶ್ರಾವಿಕೆ ಮಾಡಬೇಕಾದುದು ಈಗ ಸ್ಪಷ್ಟವಾಗಿದೆ. ಅಂಚನ್ನು ಬೇರೆ ಕಟ್ಟಿಟ್ಟು, ಸಂಜೆ ಅಜ್ಜಿಯ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಬೇಕು. ಅಜ್ಜಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. “ಅದೂ ನಿನಗೇ ಇರಲಿ, ಮಗನ ಶುಲ್ಕ ಕಟ್ಟು” ಎನ್ನಬಹುದು. ಮೊದಲನೆಯದಾದರೆ ಶ್ರಾವಿಕೆ ಬರಿಗೈಯಿಂದ ಮನೆಗೆ ಮರಳುತ್ತಾಳೆ, ಶುಲ್ಕದ ಚಿಂತೆ ಹಾಗೆಯೇ ಉಳಿಯುತ್ತದೆ. ಎರಡನೆಯದಾದರೆ ಅದೇ ಬೆಳ್ಳಿ ಅವಳ ಕೈಗೆ ಬರುತ್ತದೆ, ಆದರೆ ಈ ಬಾರಿ ಕೊಟ್ಟವರ ಮನಸ್ಸಿನೊಂದಿಗೆ ಬರುತ್ತದೆ. ಯಾವುದಾಗುವುದೆಂದು ಮೊದಲೇ ತಿಳಿಯದೆ ಹೋಗಿ ಹೇಳುವುದರಲ್ಲಿಯೇ ಅವಳ ಧರ್ಮವಿದೆ. ಯಾರು ಕೊಟ್ಟದ್ದೆಂದೇ ತಿಳಿಯದ ಗಂಟಿನಲ್ಲಿ ಇಂಥದು ಸಿಕ್ಕರೆ ಅದರ ಬೆಲೆಯನ್ನು ಔಷಧದಾನಕ್ಕೋ ಶಾಸ್ತ್ರದಾನಕ್ಕೋ ಸಲ್ಲಿಸಿದರೆ ಮನಸ್ಸು ಹಗುರಾಗುತ್ತದೆ.

ಬಟ್ಟೆ ಹರಿಯುತ್ತದೆ, ಬಣ್ಣ ಮಾಸುತ್ತದೆ. ಆದರೆ ಅದನ್ನು ಕೊಟ್ಟವರ, ಹೊಲಿದವರ, ಕೊಂಡವರ ಮತ್ತು ಅದಕ್ಕಾಗಿ ಜೀವ ತೆತ್ತವುಗಳ ಋಣ ಮಾಸುವುದಿಲ್ಲ. ಈ ಪರ್ವಕಾಲದಲ್ಲಿ ಕಪಾಟುಗಳನ್ನು ಬರಿದು ಮಾಡುವ ಶ್ರಾವಕರು ಹಳೆಯ ಬಟ್ಟೆಯನ್ನು ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡಿ ತಿಳಿದು ಕೊಡಲಿ. ಪಡೆಯುವವರು ಹೇಳಿ ಪಡೆಯಲಿ. ಕೊಳ್ಳುವವರು ಹೊಲಿದ ಕೈಯ ಲೆಕ್ಕ ಕೇಳಿ ಕೊಳ್ಳಲಿ. ಹಾಗಾದಾಗ ಆ ಕೌದಿಯ ಮೇಲೆ ಮಲಗಿದ ಮಗುವಿಗೂ, ಅದನ್ನು ಹೊಲಿದ ತಾಯಿಗೂ ಒಂದೇ ರೀತಿಯ ನೆಮ್ಮದಿಯ ನಿದ್ರೆ ಬರುತ್ತದೆ.